ಸಬ್‌ಮರೀನಿನೊಳಗೆ ಒಬ್ಬನ ಜಾಗ

ಸೋತು ಶರಣಾದ ಜರ್ಮನ್ ಸಬ್‌ಮರೀನೊಂದು ಗುರುವಾರ ಸ್ಕಾರ್ನೆಸ್ ಬಂದರಿಗೆ ಬರುತ್ತದೆ, ಆರು ಪೆನ್ನಿ ಕೊಟ್ಟವರು ಒಳಗಿಳಿದು ನೋಡಬಹುದು ಎಂಬ ಸುದ್ದಿ ಬಂದಾಗಿನಿಂದ ಮೈಸಿ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಹೆರಿಂಗ್ ಮೀನಿನ ಹೊಟ್ಟೆ ಸೀಳುವುದರಲ್ಲಿ ಅವಳನ್ನು ಮೀರಿಸುವವರು ಆ ಕರಾವಳಿಯಲ್ಲೇ ಇರಲಿಲ್ಲ. ಅಂಥವಳು ಆ ವಾರ ಎರಡು ಸಲ ಬೆರಳು ಕುಯ್ದುಕೊಂಡಳು.

"ಏನೇ, ಹೆಕ್ಟರ್ ಬಂದು ಬಟ್ಟೆ ಕಟ್ಟಲಿ ಅಂತ ಬೇಕೂಂತ್ಲೇ ಕುಯ್ಕೊತಿದ್ದೀಯಾ?" ಎಂದಳು ಪಕ್ಕದಲ್ಲಿ ನಿಂತಿದ್ದ ನ್ಯಾನ್ಸ್.

"ಬಾಯಿ ಮುಚ್ಕೊಂಡು ನಿನ್ ಮೀನು ನೋಡ್ಕೊ."

ಹೆಕ್ಟರ್ ಮೀನು ತುಂಬುವ ಪೀಪಾಯಿಗಳನ್ನು ಕಟ್ಟುವವನು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವನಿಗೆ ಮೈಸಿಯ ಮೇಲೆ ಮನಸ್ಸಿದೆ, ಮೈಸಿಗೂ ಅವನ ಮೇಲಿದೆ ಎಂಬುದು ಊರಿನ ಬೆಕ್ಕುಗಳಿಗೂ ಗೊತ್ತಿತ್ತು. ಆದರೆ ಗೊತ್ತಿದ್ದು ಏನು ಬಂತು? ಆ ಊರಿನಲ್ಲಿ ಕಡಲು ನುಂಗಿದವನಿಗೆ ಹೆಣವಿಲ್ಲ, ಗೋರಿಯಿಲ್ಲ. ಸರ್ಕಾರದ ತಂತಿ ಬರಲಿ, ಪಾದ್ರಿ ಪ್ರಾರ್ಥನೆ ಮಾಡಲಿ, ಹೆತ್ತ ತಾಯಿ ಸೂತಕದ ಕಪ್ಪು ಬಟ್ಟೆ ಉಡುವ ತನಕ ಅವನು ಸತ್ತವನಲ್ಲ. ತಾಯಿ ಉಟ್ಟ ಮೇಲೆ ಹೆಂಡತಿ ಉಡಬೇಕು. ಹಾಗೆ ವರ್ಷ ತುಂಬಿದ ಮೇಲಷ್ಟೇ ಅವಳು ಇನ್ನೊಂದು ಮದುವೆಯ ಮಾತೆತ್ತಬಹುದು. ಯಾವ ಕಾಲದ ಕಟ್ಟಳೆಯೋ, ತಾಯಂದಿರೇ ಕೂತು ಮಾಡಿರಬೇಕು. ಮೈಸಿಯ ಗಂಡ ಗಿಬ್‌ನ ದೋಣಿಯನ್ನು ಸಬ್‌ಮರೀನೊಂದು ಹೊಡೆದು ಮುಳುಗಿಸಿ ನಾಲ್ಕು ವರ್ಷವಾಗಿತ್ತು. ಅತ್ತೆ ಬೆಥಿಯಾ ಇನ್ನೂ ನೀಲಿ ಲಂಗದಲ್ಲೇ ಓಡಾಡುತ್ತಿದ್ದಳು.

ಬೆಥಿಯಾಗೆ ಹುಚ್ಚೇನೂ ಇರಲಿಲ್ಲ. ಅವಳ ಲೆಕ್ಕ ಅವಳಿಗಿತ್ತು. ಆ ದಿನ ದೂರದ ದೋಣಿಯಲ್ಲಿದ್ದ ಮುದುಕನೊಬ್ಬ, ಸಬ್‌ಮರೀನು ಮೇಲೆದ್ದು ಗಿಬ್‌ನ ದೋಣಿಯಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿದ್ದನ್ನು ಕಂಡಿದ್ದ. ಅಷ್ಟು ಸಾಕಾಯಿತು ಅವಳಿಗೆ.

"ಜರ್ಮನ್ನನಾದ್ರೇನು, ಕಡಲ ಮೇಲಿರೋನು ನೀರಿಗೆ ಬಿದ್ದೋನನ್ನ ಬಿಟ್ಟು ಹೋಗ್ತಾನೇನೆ?" ಎನ್ನುತ್ತಿದ್ದಳು. "ನಿಮ್ಮ ಮಾವ ಅವ್ರ ಹಗೆಯವನನ್ನೇ ನೀರಿಂದ ಜುಟ್ಟು ಹಿಡಿದು ದೋಣಿಗೆ ಎಳೆದು ಹಾಕ್ಲಿಲ್ವಾ? ಹಾಕಿದ್ಮೇಲೆ ಒದ್ರು, ಅದು ಬೇರೆ ಮಾತು. ಗಿಬ್‌ನ ಒಳಗೆ ಎಳ್ಕೊಂಡಿದ್ದಾರೆ. ಎಲ್ಲೋ ಸೆರೆಯಲ್ಲಿದ್ದಾನೆ, ಬರ್ತಾನೆ."

ನೆಲದ ಮೇಲೆ ಬದುಕುವವರು ಇಂಥ ತಪ್ಪು ಮಾಡುವುದಿಲ್ಲ. ಯುದ್ಧವೆಂದರೆ ಏನೆಂದು ಅವರಿಗೆ ಗೊತ್ತು. ದೋಣಿಯ ಮೇಲಿದ್ದವರೆಲ್ಲ ಒಂದೇ ಜಾತಿ ಎಂದು ನಂಬಲು ಸ್ಕಾರ್ನೆಸ್‌ನಲ್ಲೇ ಹುಟ್ಟಬೇಕು. ಮೇ ತಿಂಗಳಲ್ಲಿ ಸೆರೆಯಾಳುಗಳು ಮರಳಿದರು. ಊರಿನವರಿಬ್ಬರು ಬಂದರು, ಗಿಬ್ ಬರಲಿಲ್ಲ. "ಜರ್ಮನಿ ಏನು ನಮ್ಮ ಹಿತ್ತಲೇ? ಎಲ್ಲರನ್ನೂ ಹುಡುಕಿ ಕಳಿಸೋಕೆ ಹೊತ್ತು ಹಿಡಿಯುತ್ತೆ" ಎಂದು ಬೆಥಿಯಾ ರೊಟ್ಟಿ ಸುಡಲು ಕೂತಳು.

ಹೆಕ್ಟರ್‌ಗೆ ದಕ್ಷಿಣದ ಒಂದು ಊರಿನಲ್ಲಿ ಕೆಲಸ ಸಿಕ್ಕಿತ್ತು. ಸೆಪ್ಟೆಂಬರಿಗೆ ಹೋಗಬೇಕು. ಅವನು ಪಕ್ಕದ ಬಂದರಿನಲ್ಲಿ ಆ ಸಬ್‌ಮರೀನನ್ನು ನೋಡಿ ಬಂದಿದ್ದ. "ಒಳಗೆ ಇಲಿ ತಿರುಗೋಕೂ ಜಾಗ ಇಲ್ಲ ಮೈಸಿ. ನಿಮ್ಮತ್ತೆ ಒಂದ್ಸಲ ಕಣ್ಣಾರೆ ನೋಡ್ಲಿ. ಬಾಯಲ್ಲಿ ಹೇಳಿದ್ರೆ ಅವ್ರು ನಂಬಲ್ಲ. ನಾನು ಇನ್ನೆಷ್ಟು ದಿನ ಕಾಯ್ಲಿ, ನೀನೇ ಹೇಳು."

ಮೈಸಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮುದುಕಿಯ ಆಸೆಯನ್ನು ಕೊಲ್ಲಲು ಅವಳನ್ನೇ ಕೈಹಿಡಿದು ಕರೆದೊಯ್ಯುವುದೇ? ಮರುಕ್ಷಣ ಸಿಟ್ಟು ಬರುತ್ತಿತ್ತು. ತನಗೂ ವಯಸ್ಸು ನಿಂತಿದೆಯೇ? ಒಲೆಯ ಮುಂದಿನಿಂದ ಬಾಗಿಲಿಗೆ, ಬಾಗಿಲಿನಿಂದ ಬಾವಿಕಟ್ಟೆಗೆ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸುತ್ತಿದಳು. ಕೊನೆಗೆ ಬುಧವಾರ ಸಂಜೆ ಬಾಯಿ ಬಿಟ್ಟಳು.

"ಅತ್ತೆ, ನಾಳೆ ಅದನ್ನ ನೋಡೋಕೆ ಹೋಗೋಣ್ವಾ?"

ಬೇಡವೆನ್ನುತ್ತಾಳೆ ಎಂದುಕೊಂಡಿದ್ದಳು. ಆ ಊರಿನ ಹೆಂಗಸರು ದೋಣಿ ಹತ್ತುವುದಿಲ್ಲ. ಹತ್ತಿದರೆ ಅಪಶಕುನ. ಬೆಥಿಯಾ ಅರವತ್ತೆಂಟು ವರ್ಷದಲ್ಲಿ ಒಂದು ಹಲಗೆಯನ್ನೂ ಮೆಟ್ಟಿದವಳಲ್ಲ.

"ಹೋಗೋಣ. ಅದೇನು ದೋಣಿನಾ, ಸೆರೆಮನೆ. ನನ್ನ ಮಗ ಎಂಥ ಜಾಗದಲ್ಲಿದ್ದ ಅಂತ ನಾನೂ ನೋಡ್ಬೇಕು" ಎಂದಳು ಮುದುಕಿ. ಅವಳ ಮುಖ ಹಬ್ಬಕ್ಕೆ ಹೊರಟವಳ ಹಾಗೆ ಅರಳಿತ್ತು. ಮೈಸಿಗೆ ಆ ರಾತ್ರಿ ಕಣ್ಣು ಹತ್ತಲಿಲ್ಲ.

ಗುರುವಾರ ಬಂದರಿನಲ್ಲಿ ಊರಿಗೆ ಊರೇ ಸಾಲು ನಿಂತಿತ್ತು. ಬೂದು ಬಣ್ಣದ ಆ ಕಬ್ಬಿಣ, ತುಕ್ಕಿನ ಕಲೆ ಮೆತ್ತಿಕೊಂಡು ಮೀನುದೋಣಿಗಳ ನಡುವೆ ತೆಪ್ಪಗೆ ಬಿದ್ದಿತ್ತು. ಇಷ್ಟೇನಾ ಎಂದು ಕೆಲವರಿಗೆ ಬೇಸರವಾಯಿತು. ಬೆಥಿಯಾ ಹಲಗೆಯ ಮೇಲೆ ಕಾಲಿಟ್ಟಾಗ ಗಂಡಸರು ಗೊಣಗಿದರು.

"ಗೊಣಗ್ರಪ್ಪ ಗೊಣಗಿ. ಇದು ಮುಳುಗಿದ್ರೆ ನಿಮಗೇನು ನಷ್ಟ?" ಎಂದು ಅವಳು ಲಂಗ ಎತ್ತಿ ಕಟ್ಟಿಕೊಂಡು ಏಣಿ ಇಳಿದಳು.

ಒಳಗೆ ಎಣ್ಣೆ, ಬೂಷ್ಟು, ಎಷ್ಟೋ ಗಂಡಸರ ಹಳೇ ಬೆವರು ಎಲ್ಲ ಸೇರಿದ ವಾಸನೆ. ತಲೆಗೆ ಕಬ್ಬಿಣದ ಚಕ್ರ, ಭುಜಕ್ಕೆ ಕೊಳವೆ ತಾಗುತ್ತಿತ್ತು. ಕೆಂಪು ಮೂಗಿನ ಇಂಗ್ಲಿಷ್ ನಾವಿಕನೊಬ್ಬ ಇಂಜಿನು, ಗೂಡಿನಂಥ ಅಡುಗೆಮನೆ ಎಲ್ಲವನ್ನೂ ತೋರಿಸುತ್ತ ಮುಂದೆ ಕರೆದೊಯ್ದ. ಮೂತಿಯ ಕಡೆಯ ಕೋಣೆಯಲ್ಲಿ ಟಾರ್ಪೆಡೋಗಳ ಮೇಲೆ ಮಡಚುವ ಮಂಚಗಳಿದ್ದವು. ಬೆಥಿಯಾ ನಿಂತಳು.

"ಹಿಡಿದು ತಂದೋರನ್ನ ಎಲ್ಲಿ ಮಲಗಿಸ್ತಿದ್ರಪ್ಪ?"

ನಾವಿಕ ನಗಲು ಹೊರಟವನು ಅವಳ ಮುಖ ನೋಡಿ ದನಿ ತಗ್ಗಿಸಿದ. "ಅವ್ರಿಗೇ ಜಾಗ ಇರ್ಲಿಲ್ಲ ಅಜ್ಜಿ. ಇಬ್ಬರಿಗೆ ಒಂದು ಮಂಚ. ಒಬ್ಬ ಎದ್ರೆ ಇನ್ನೊಬ್ಬ ಬಿದ್ಕೊಳ್ತಿದ್ದ. ಇರೋ ಎರಡು ಕಕ್ಕಸಲ್ಲಿ ಒಂದರ ತುಂಬ ಆಲೂಗಡ್ಡೆ. ದೊಡ್ಡ ಹಡಗಿನ ಕ್ಯಾಪ್ಟನ್‌ಗಳನ್ನ ಯಾವಾಗ್ಲೋ ಹಿಡ್ಕೊಂಡು ಹೋಗಿದ್ದುಂಟು. ಮೀನುದೋಣಿಯೋರನ್ನ ತಂದಿದ್ದು ನಾನು ಕೇಳಿಲ್ಲ."

ಬೆಥಿಯಾ ಎರಡೂ ಕೈ ಅಗಲಿಸಿದಳು. ಪೂರ್ತಿ ಚಾಚುವ ಮೊದಲೇ ಬೆರಳು ಎರಡು ಕಡೆಯೂ ಕಬ್ಬಿಣಕ್ಕೆ ತಾಗಿತು. ಗಿಬ್ ಆರಡಿ ಆಳು, ಮನೆಯ ಬಾಗಿಲಲ್ಲೇ ಓರೆಯಾಗಿ ನುಗ್ಗುತ್ತಿದ್ದವನು. ಮುದುಕಿ ಕೈ ಇಳಿಸಲೇ ಇಲ್ಲ. ಹಿಂದಿನ ಸಾಲಿನವರು ಗದ್ದಲ ಮಾಡತೊಡಗಿದರು.

"ಇಲ್ಲಿ ಜಾಗ ಇಲ್ಲ ಕಣೆ ಮೈಸಿ" ಎಂದಳು ಕೊನೆಗೆ.

ನಾಲ್ಕು ವರ್ಷದಿಂದ ಮೈಸಿ ಕಾದಿದ್ದುದು ಆ ಒಂದು ಮಾತಿಗಾಗಿ. ಆಡಿದವರ ಬಾಯಿಗೆ ಸಕ್ಕರೆ ಹಾಕಬೇಕಿತ್ತು. ಆದರೆ ಅವಳಿಗೆ ಗಿಬ್ ಆಗಷ್ಟೇ ಮುಳುಗಿದಂತಾಯಿತು.

"ಇದೆ ಅತ್ತೆ" ಎಂದಳು.

"ಎಲ್ಲಿದೆಯೇ?"

"ಅಲ್ಲಿ ನೋಡಿ, ಆ ಪೆಟ್ಟಿಗೆ ಸರಿಸಿದ್ರೆ ಒಬ್ಬ ಮುದುರ್ಕೊಂಡು ಕೂತ್ಕೊಬಹುದು. ಗಿಬ್ ದೋಣೀಲಿ ಬಲೆ ಮೇಲೇ ಮುದುರ್ಕೊಂಡು ಮಲಗ್ತಿದ್ರು. ಅವ್ರಿಗೆ ಜಾಗ ಜಾಸ್ತಿ ಬೇಡ." ಅವಳು ಪೆಟ್ಟಿಗೆಗೆ ಕೈ ಹಾಕಿ ಎಳೆದೇ ಎಳೆದಳು. ಅದನ್ನು ನೆಲಕ್ಕೆ ಬಿಗಿದಿದ್ದರು.

"ಮುಂದೆ ಹೋಗ್ರಮ್ಮ, ಏನು ಮನೆ ಕೊಂಡ್ಕೊಂಡ್ರಾ?" ಎಂದು ಯಾರೋ ಕೂಗಿದರು. ಬೆಥಿಯಾ ಸೊಸೆಯ ರಟ್ಟೆ ಹಿಡಿದು, ತಾನೇ ಮುಂದಾಗಿ ಏಣಿ ಹತ್ತಿಸಿದಳು.

ಮೇಲೆ ಹೆಕ್ಟರ್ ಟೋಪಿ ಕೈಯಲ್ಲಿ ಹಿಡಿದು ಕಾದಿದ್ದ. ಮುದುಕಿ ನೇರ ಅವನ ಮುಂದೆ ಹೋಗಿ ನಿಂತಳು. ಅವಳ ಕಣ್ಣು ಒಣಗಿತ್ತು, ದನಿ ಮಾತ್ರ ಸಣ್ಣಗಿತ್ತು.

"ನಾಳೆ ಕಪ್ಪು ಉಡ್ತೀನಪ್ಪ. ಅವಳೂ ಉಡ್ಲಿ. ಒಂದು ವರ್ಷ ಕಾಯೋಕಾಗುತ್ತಾ ನಿನ್ನ ಕೈಲಿ?"

"ಆಗುತ್ತೆ ಅಮ್ಮ" ಎಂದ ಹೆಕ್ಟರ್. ಅವನ ಮುಖದಲ್ಲಿ ಸಂತೋಷ ಬಂದೂ ಬಾರದ ಹಾಗಿತ್ತು. ಅವನು ಮೈಸಿಯ ಕಡೆ ತಿರುಗಿದ.

ಮೈಸಿಗೆ ಆ ಮಾತು ಕೇಳಿಸಿಯೇ ಇರಲಿಲ್ಲ. ಅವಳು ಸಬ್‌ಮರೀನಿನ ಉದ್ದವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದಳು.

"ಆ ಅಡುಗೆಮನೆ ಬಾಗಿಲ ಹಿಂದೆ ನಾವು ನೋಡ್ಲೇ ಇಲ್ಲ ಅತ್ತೆ. ನೀವಿಬ್ರೂ ಮನೆಗೆ ನಡೀರಿ, ನಾನು ಇನ್ನೊಂದ್ಸಲ ಇಳಿದು ಬರ್ತೀನಿ" ಎಂದವಳು, ಸಾಲಿನ ಕೊನೆಗೆ ಹೋಗಿ ನಿಂತಳು.