ಪಟ್ಟಾದ ಸಪ್ಪಳ

ಅವ್ವನಿಗೆ ನಿದ್ದೆ ಬರುವುದು ಓಡುವ ಕಾರಿನಲ್ಲಿ ಮಾತ್ರ ಎಂಬುದನ್ನು ಕಂಡುಹಿಡಿದವಳು ನಾನೇ, ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಶಹಾಪುರದಲ್ಲಿ ಮೂವತ್ತೈದು ವರ್ಷ ಹಿಟ್ಟಿನ ಗಿರಣಿ ನಡೆಸಿದವಳು ನಮ್ಮವ್ವ, ಸೂಗಮ್ಮ. ಅಪ್ಪ ಹೋದ ಮೇಲೂ ಒಬ್ಬಳೇ ನಡೆಸಿದಳು. ಈ ಬೇಸಿಗೆಯಲ್ಲಿ ಅದನ್ನು ಮಾರಿ ಹೈದರಾಬಾದಿಗೆ, ಕುಷಾಯಿಗೂಡದ ನನ್ನ ಮನೆಗೆ ಬಂದಳು. ಬಂದ ವಾರದಿಂದಲೇ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಕೂರತೊಡಗಿದಳು. ಡಾಕ್ಟರು ಬಿಪಿ ನೋಡಿ, ಹೀಗೆ ನಿದ್ದೆಗೆಟ್ಟರೆ ಕಷ್ಟ ಎಂದರು. ಗಿರಣಿಯ ಸದ್ದಿಲ್ಲದೆ ನಿದ್ದೆ ಹತ್ತುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ. ನಾನು ಒಮ್ಮೆ ತೀರ್ಮಾನಿಸಿದರೆ ಮುಗಿಯಿತು, ಆಮೇಲೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ದಿನಾ ಮಧ್ಯಾಹ್ನ ಮೂರೂವರೆಗೆ ಕೆಲಸದ ಕಂಪ್ಯೂಟರ್ ಮುಚ್ಚಿ, ನನ್ನ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿಕೊಂಡು ಊರ ಹೊರಗಿನ ಕೀಸರದ ಕಡೆ ಹೊರಡುತ್ತಿದ್ದೆ. ಎರಡು ತಿರುವು ದಾಟುವಷ್ಟರಲ್ಲಿ ಅವಳ ಕಣ್ಣು ಮುಚ್ಚಿ ತಲೆ ಕಿಟಕಿಗೆ ಒರಗುತ್ತಿತ್ತು. ಹೊರಗೆ ಬಂಡೆಗಳು, ಬೇವಿನ ಮರಗಳು, ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು ಹಳದಿ ಬಿಸಿಲಿನಲ್ಲಿ ತೇಲುತ್ತ ಹಿಂದೆ ಸರಿಯುತ್ತಿದ್ದವು. ನಾವು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಇಂಜಿನ್ನಿನ ಗುಂಯ್‌ಗುಡುವಿಕೆ ಕೇಳುತ್ತ ಕೇಳುತ್ತ ಇದು ಯಾವ ಊರು, ನನಗೆಷ್ಟು ವಯಸ್ಸು ಎಂಬುದೂ ಮಸುಕಾಗುತ್ತಿತ್ತು. ಮೂಗಿನ ತುದಿಯಲ್ಲೇ ಇರುವ ನನ್ನ ಸಿಟ್ಟು ಆ ಹೊತ್ತಿನಲ್ಲಿ ಎಲ್ಲಿ ಹೋಗುತ್ತಿತ್ತೋ. ಹಾಗೆ ಒಂದು ದಿನ ನಾನು ಮಲಗಿದ ಅವ್ವನ ಜೊತೆ ಮಾತಾಡಲು ಶುರು ಮಾಡಿದೆ.

ನನ್ನ ಗಂಡ ವೈಭವ ಬಿಟ್ಟು ಹೋಗಿ ಏಳು ತಿಂಗಳಾಗಿತ್ತು. ಪುಣೆಯಲ್ಲಿ ಆಫೀಸಿನ ಕೆಲಸ ಎಂದು ಅವ್ವನಿಗೆ ಸುಳ್ಳು ಹೇಳಿದ್ದೆ. ಆ ಸಂಬಂಧ ಹುಡುಕಿ ತಂದವಳು ಅವಳೇ. ನಿಜ ತಿಳಿದರೆ ಅವಳಿಗಿರುವ ಒಂದು ತಾಸಿನ ನಿದ್ದೆಯೂ ಹಾರಿಹೋಗುತ್ತದೆ ಎಂದು ಹೆದರಿ, ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದೆ. ಕಾರಿನಲ್ಲಿ ಮಾತ್ರ ಎಲ್ಲ ಹೇಳುತ್ತಿದ್ದೆ, ಸಣ್ಣ ದನಿಯಲ್ಲಿ. ಅವನು ಪೆಟ್ಟಿಗೆ ಕಟ್ಟಿದ್ದು, ನಾನು ಹಟಕ್ಕೆ ಬಿದ್ದು ತಡೆಯದೆ ನಿಂತದ್ದು, ಆಮೇಲೆ ಬಾಗಿಲ ಚಿಲಕ ಹಾಕಲು ಕೈ ಬರದೆ ಹೋದದ್ದು. ಕನ್ನಡಿಯಲ್ಲಿ ನೋಡಿದಾಗೊಮ್ಮೆ ಅವಳು ನೆಮ್ಮದಿಯಾಗಿ ಮಲಗಿರುತ್ತಿದ್ದಳು.

ಆ ಗುರುವಾರ ವಾಪಸು ಬರುವಾಗ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಎಸಿ ಆರಿಸಿದೆ, ಚಾರ್ಜಿಗೆ ಹಾಕಿದ್ದ ಫೋನು ಕಿತ್ತೆ, ಕಿಟಕಿ ಇಳಿಸಿದೆ. ಬಿಸಿಗಾಳಿಗೆ ಅವ್ವನ ಸೆರಗು ಹಾರಿತು, ಆದರೂ ಅವಳು ಕಣ್ಣು ತೆರೆಯಲಿಲ್ಲ. ಹೇಗೋ ಚಂದ್ರಕಾಂತನ ಗ್ಯಾರೇಜ್ ಮುಟ್ಟಿಸಿದೆ. ಅವನು ಹುಮನಾಬಾದಿನವನು, ನಮ್ಮ ಓಣಿಯ ಕಾರುಗಳೆಲ್ಲ ಅವನ ಹತ್ತಿರವೇ ಹೋಗುತ್ತವೆ.

“ಗಾಡಿ ಬಂದ್ ಮಾಡಬ್ಯಾಡ್ರಿ ಅಣ್ಣಾ, ಅವ್ವ ಮಲಗ್ಯಾಳ” ಎಂದೆ.

“ಬಂದ್ ಮಾಡಿದ್ರ ಮತ್ತ ಚಾಲೂ ಆಗೋದು ಡೌಟ್ ಐತ್ರಿ ಅಕ್ಕಾ” ಎಂದು ನಕ್ಕು ಬಾನೆಟ್ ಎತ್ತಿ, ಮೀಟರಿನ ಎರಡು ತುದಿಗಳನ್ನು ಬ್ಯಾಟರಿಗೆ ಮುಟ್ಟಿಸಿದ. “ಹನ್ನೆರಡು ವೋಲ್ಟ್ ತೋರಸಾಕತ್ತೈತಿ. ಇಂಜಿನ್ ತಿರಗೂಮುಂದ ಹದಿನಾಲ್ಕರ ಹತ್ರ ಇರಬೇಕ್ರಿ. ಬ್ಯಾಟರಿ ಛಲೋ ಐತಿ, ಅದಕ್ಕ ಚಾರ್ಜ್ ಹೋಗವಲ್ದು. ಚಾರ್ಜ್ ಕೊಡೋ ಆಲ್ಟರ್ನೇಟರ್ ಹೋಗಿರಬೇಕು, ಬಿಚ್ಚಬೇಕಾಗತೈತಿ. ನಾಕ ದಿನ ಗಾಡಿ ಬಿಡ್ರಿ.”

ನಾಲ್ಕು ದಿನ! ಅಷ್ಟು ದಿನ ಅವ್ವ ಎಲ್ಲಿ ನಿದ್ದೆ ಮಾಡಬೇಕು? ಹೋಗಿದ್ದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. “ಮೊದಲ ಸರಿಯಾಗಿ ನೋಡ್ರಿ. ಬಿಚ್ಚೂದು ಆಮ್ಯಾಲ ಬಿಚ್ಚೀರಂತ.”

ಪಾಪ, ಅವನು ಬೇಸರಿಸಲಿಲ್ಲ. “ದೀಪ ಎಂದಿಂದ ಹತ್ತಾಕತ್ತೈತ್ರಿ? ಏನರ ಸಪ್ಪಳ ಬರತಿತ್ತೇನು?”

“ಇವತ್ತ ಹತ್ತೇತಿ. ಸಪ್ಪಳ ಗಿಪ್ಪಳ ಏನೂ ಇಲ್ಲ.”

“ಐತಿ” ಎಂದು ಹಿಂದಿನ ಸೀಟಿನಿಂದ ದನಿ ಬಂತು.

ಅವ್ವ ಕಣ್ಣು ಮುಚ್ಚಿಕೊಂಡೇ ಇದ್ದಳು. “ಎಸಿ ಹಚ್ಚಿದಾಗೊಮ್ಮೆ ಚೀಂವ್ ಅಂತೈತಿ. ಪಟ್ಟಾ ಜಾರಾಕತ್ತೈತಿ ತಮ್ಮಾ. ನಮ್ಮ ಗಿರಣ್ಯಾಗೂ ಪಟ್ಟಾ ಸಡಲಾದ್ರ ಇದ ಸಪ್ಪಳ. ಮೋಟರ್ ಛಲೋನ ಇರತಿತ್ತು, ಕಲ್ಲು ತಿರಗತಿದ್ದಿಲ್ಲ.”

“ಎಂದಿಂದ್ರಿ ಅವ್ವಾರ?”

“ಸೋಮವಾರದಿಂದ. ದೀಪನೂ ಅವತ್ತ ಒಮ್ಮೆ ಮಿಣಕ್ ಅಂತು. ಇಕಿ ವೈಭವ ಪೆಟಗಿ ಕಟ್ಟಿದ್ದು ಹೇಳಿ ಅಳಾಕತ್ತಿದ್ಲು, ನೋಡಲಿಲ್ಲ.”

ಚಂದ್ರಕಾಂತ ನನ್ನ ಮುಖ ನೋಡದೆ ಇಂಜಿನ್ನಿಗೆ ಬಗ್ಗಿದ. ಎಸಿ ಹಾಕಿಸಿದ, ಚೀಂವ್ ಎಂದಿತು. ಕೀಲಿ ತಿರುವಿ ಇಂಜಿನ್ ಆರಿಸಿದ. ಬೆರಳಿನಿಂದ ಒತ್ತಿದರೆ ಪಟ್ಟಾ, ಆಲ್ಟರ್ನೇಟರ್ ತಿರುಗಿಸುವ ಬೆಲ್ಟು, ನಡುವೆ ಎರಡು ಇಂಚು ತಗ್ಗಿತು. “ಅವ್ವಾರು ಖರೇ ಹೇಳ್ಯಾರ” ಎನ್ನುತ್ತ ಪಾನಾ ತಂದು ಆಲ್ಟರ್ನೇಟರಿನ ನಟ್ಟು ಸಡಿಲಿಸತೊಡಗಿದ.

ನಾನು ಹೋಗಿ ಅವ್ವನ ಪಕ್ಕ ಕೂತೆ.

“ನೀ ಮಲಗತಿದ್ದಿಲ್ಲೇನು?”

“ಇಲ್ಲ.”

“ಗಿರಣಿ ಸಪ್ಪಳಿಲ್ಲಂತ ನಿನಗ ನಿದ್ದಿ ಬರವಲ್ದು ಅಂತ ನಾ…”

“ಗಿರಣಿ ಅಂದಾಕಿ ನೀ. ನಾ ಎಂದ ಅಂದೀನಿ?” ಅವ್ವ ಈಗ ಕಣ್ಣು ತೆರೆದಳು. “ದಿನಾ ರಾತ್ರಿ ಬಾತ್‌ರೂಮಿನ್ಯಾಗ ನಳ ಬಿಟ್ಟು ಅಳತಿ. ಅದನ್ನ ಕೇಳಿಕೋತ ಹೆಂಗ ಮಲಗಲಿ ಸ್ನೇಹಾ? ಕಾರಿನ್ಯಾಗರ ನೀ ಬಾಯಿ ಬಿಡತಿದ್ದಿ. ನಾ ಕಣ್ಣ ತೆರದ್ರ ನಿಲ್ಲಸತಿ ಅಂತ ಮುಚಗೊಂಡು ಕುಂತಿದ್ದೆ.”

ನನಗೆ ನಾಚಿಕೆಯಾಯಿತು, ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ಎದೆ ಹಗುರಾಯಿತು. ಅವಳ ಹೆಗಲಿಗೆ ಮುಖವಿಟ್ಟು, ಗ್ಯಾರೇಜಿನ ಮುಂದೆ, ಹಾಡಹಗಲೇ ಅತ್ತುಬಿಟ್ಟೆ.

ಚಂದ್ರಕಾಂತ ಕಬ್ಬಿಣದ ಸರಳಿನಿಂದ ಆಲ್ಟರ್ನೇಟರನ್ನು ಹಿಂದಕ್ಕೆ ಮೀಟಿ ಬೆಲ್ಟನ್ನು ಬಿಗಿಗೊಳಿಸಿ ನಟ್ಟು ಕೂರಿಸಿದ. ಕೀಲಿ ತಿರುಗಿಸಿದಾಗ ಕೆಂಪು ದೀಪ ಒಮ್ಮೆ ಬಂದು ಆರಿತು. ಮೀಟರಿನಲ್ಲಿ ಹದಿನಾಲ್ಕು ಬಂದಿತ್ತು.

ಅವ್ವ ಹಿಂದಿನಿಂದ ಇಳಿದು ಬಂದು ಮುಂದೆ ಕೂತಳು. “ಮನಿ ಕಡೆ ಬ್ಯಾಡ. ಕೀಸರದ ಕಡೆ ತಿರಗಸು. ಮೊದಲಿಂದ ಹೇಳು” ಎಂದಳು.

ಹೇಳುತ್ತ ಹೋದೆ. ವೈಭವನ ಹೆಸರು ಬಂದಾಗೊಮ್ಮೆ ಅವಳು ಗೇರಿನ ಮೇಲಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು, ಬಿಡುತ್ತಿರಲಿಲ್ಲ. ಕೀಸರದವರೆಗೂ ಎರಡನೇ ಗೇರಿನಲ್ಲೇ ಹೋದೆವು.