ರೇವಣಸಿದ್ದ ಅಕ್ಕನಿಗೆ ಕೊಟ್ಟ ಫೋನು

ರಾಯಚೂರಿನ ತೀನ್ ಕಂದೀಲ್ ಬೀದಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು, ಹಿಂದಕ್ಕೆ ತಿರುಗಿ ನೋಡಿ, ಮತ್ತೆ ನಡೆಯುವ ಮನುಷ್ಯನನ್ನು ನೀವು ಕಂಡರೆ ಅವನು ನಮ್ಮ ರೇವಣಸಿದ್ದನೇ ಸರಿ. ಯಾರೋ ಬೆನ್ನು ಹತ್ತಿದ್ದಾರೆಂದು ಹೊಸಬರು ಗಾಬರಿಯಾಗುತ್ತಾರೆ. ಹಾಗೇನಿಲ್ಲ. ದೇವದುರ್ಗದ ಕಡೆಯ ಕುರಿಗಾರರ ಮನೆಯಲ್ಲಿ ಹುಟ್ಟಿ ಹದಿನೆಂಟು ವರ್ಷ ಮಂದೆಯ ಮುಂದೆ ನಡೆದವನು. ಹಿಂದಿನವು ಬಂದವೋ ಇಲ್ಲವೋ ಎಂದು ನೋಡಿಕೊಳ್ಳುವ ಆ ಚಾಳಿ, ಗುಲಾಮ್ ದಸ್ತಗೀರ್ ಉಸ್ತಾದರ ಕೈಕೆಳಗೆ ರೇಡಿಯೋ ಬಿಚ್ಚಲು ಕಲಿತರೂ, ಆಮೇಲೆ ಸ್ವಂತ ಮೊಬೈಲ್ ರಿಪೇರಿ ಅಂಗಡಿ ಇಟ್ಟು ವಯಸ್ಸು ಐವತ್ತು ದಾಟಿದರೂ ಅವನ ಕುತ್ತಿಗೆಯನ್ನು ಬಿಟ್ಟಿಲ್ಲ.

ಮೈಮೇಲೆ ಸದಾ ಒಂದು ಕಂಬಳಿ ಕೋಟು. ತಂದೆಯ ಕರಿಯ ಕಂಬಳಿಯನ್ನು ದರ್ಜಿಗೆ ಕೊಟ್ಟು ಹೊಲಿಸಿದ, ತೋಳಿಲ್ಲದ, ಆರು ಜೇಬಿನ ಆ ಉಡುಪನ್ನು ಅವನು ರಾಯಚೂರಿನ ಮೇ ತಿಂಗಳಲ್ಲೂ ಕಳಚುವುದಿಲ್ಲ. ಕೇಳಿದರೆ "ಬಿಸಲು ಒಳಗ ಬರಾಂಗಿಲ್ರಿ ಸರ" ಎನ್ನುತ್ತಾನೆ. ಬಾಯಿ ತೆರೆದರೆ "ಖುಲ್ಲಾ ಹೇಳತೀನಿ ನೋಡ್ರಿ" ಎಂಬ, ಅಂದರೆ ಬಿಚ್ಚಿ ಹೇಳುತ್ತೇನೆಂಬ, ಪೀಠಿಕೆ. ಅಷ್ಟು ಗಂಭೀರವಾದ ಪೀಠಿಕೆಯ ನಂತರ ಅವನು ಹೇಳುವುದು ಬಹಳ ಸಲ ಚಹಾ ತರಿಸಲೇ ಎಂಬಷ್ಟೇ. ಇನ್ನೊಂದು ಹಟವೂ ಉಂಟು: ತನ್ನ ಕೈಯಿಂದ ಬಿಚ್ಚಲಾಗದ ಯಾವ ಸಾಮಾನನ್ನೂ ಅವನು ಅಂಗಡಿಯಲ್ಲಿ ಮಾರುವುದಿಲ್ಲ. ಇದರಿಂದ ಗಿರಾಕಿಗಳನ್ನು ಕಳೆದುಕೊಂಡಿದ್ದಾನೆ, ಚಿಂತೆ ಮಾಡಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ಸ್ವಭಾವತಃ ಮುಂಗೋಪಿ. ಕಳೆದ ವರ್ಷ ನನ್ನ ಹಳೆಯ ಫೋನು ಕೈಕೊಟ್ಟಾಗ ಅವನು ಹೊಸದೊಂದನ್ನು ತರಿಸಿಕೊಟ್ಟ. "ಇದರ ಒಳಗಿನ ವ್ಯವಸ್ಥೆ ಖುಲ್ಲಾ ಅದರಿ. ಅದರಾಗ ಬರದದ್ದು ಯಾರರ ಓದಬಹುದು, ಯಾರರ ತಿದ್ದಬಹುದು" ಎಂದ. ಮೊದಲ ದಿನದ ನನ್ನ ಅಭಿಪ್ರಾಯ ಮುದ್ರಣಯೋಗ್ಯವಲ್ಲ. ಕೈಯಲ್ಲಿ ಹಿಡಿದರೆ ದಪ್ಪ. ಬೆನ್ನಿನ ಮುಚ್ಚಳ ಉಗುರಿಗೇ ಕಳಚಿ ಬ್ಯಾಟರಿ ಅಂಗೈಗೆ ಬೀಳುತ್ತದೆ. ತೆರೆ ಬೆಳಗಿದರೆ ಜಾಹೀರಾತಿಲ್ಲ, ಆಟವಿಲ್ಲ, ಬಾ ಬಾ ಎಂದು ಕೂಗುವ ಅಂಗಡಿಗಳಿಲ್ಲ. ಬ್ಯಾಂಕಿನ ಆ್ಯಪ್ ಅಂತೂ ಒಳಗೆ ಕಾಲಿಡಲು ಒಪ್ಪಲೇ ಇಲ್ಲ. "ಏನಯ್ಯಾ, ಇದು ಫೋನೋ, ಬಾಡಿಗೆಗೆ ಬಿಟ್ಟ ಖಾಲಿ ಮನೆಯೋ?" ಎಂದು ರೇಗಿದೆ.

"ಖಾಲಿ ಮನಿ ಚಲೋ ಅಲ್ರಿ ಸರ? ನಿಮ್ಮ ಸಾಮಾನು ನೀವು ಇಟ್ಟಲ್ಲೇ ಇರತಾವ. ನಿಮ್ಮನ್ನ ಕೇಳಲಾರದ ಯಾರೂ ಅತ್ತಿತ್ತ ಸರಸಂಗಿಲ್ಲ."

ಎರಡು ವಾರ ಕಳೆಯುವಷ್ಟರಲ್ಲಿ ಆ ಮಾತಿನ ಸುಖ ನನಗೆ ತಿಳಿಯಿತು. ಇಟ್ಟದ್ದು ಇಟ್ಟಲ್ಲೇ ಸಿಗುವುದು ಈ ವಯಸ್ಸಿನಲ್ಲಿ ಎಂಥ ನೆಮ್ಮದಿ! ಆದರೆ ಆ ಮಾತಿನ ಹಿಂದಿನ ಸಂಕಟ ತಿಳಿದದ್ದು, ಅದೇ ಮಾದರಿಯ ಇನ್ನೊಂದು ಫೋನನ್ನು ಅವನು ಎದುರಿಗಿಟ್ಟುಕೊಂಡು ತಲೆತಗ್ಗಿಸಿ ಕೂತಿದ್ದ ದಿನ. ಯಾರಿಗಿದು ಎಂದೆ. ಅಕ್ಕನಿಗೆ ಎಂದ.

ಅವನ ಅಕ್ಕ ಅಯ್ಯಮ್ಮ, ಗಂಡ ಕನಕಪ್ಪನೊಂದಿಗೆ ಕುರಿ ಹೊಡೆದುಕೊಂಡು ಕವಿತಾಳ, ಮಾನ್ವಿ, ಪೋತ್ನಾಳದ ಹೊಲಗದ್ದೆಗಳಲ್ಲಿ ವರ್ಷದ ಎಂಟು ತಿಂಗಳು ತಿರುಗುವವಳು. ಗಂಡಹೆಂಡಿರಿಬ್ಬರಿಗೂ ಅಕ್ಷರ ಬಾರದು. ಎರಡು ವರ್ಷದ ಹಿಂದೆ ರೇವಣಸಿದ್ದನೇ ಅವಳಿಗೊಂದು ಫೋನು ಕೊಟ್ಟು, ಬಡಿದುಕೊಂಡಾಗ ಹಸಿರು ಗುಂಡಿ ಒತ್ತು ಎಂದು ಕಲಿಸಿದ್ದ. ಆಮೇಲೊಮ್ಮೆ ಅವಳು ಬಂದಾಗ, ಒಳ್ಳೆಯದಾಗಲೆಂದು, ಅಪ್‌ಡೇಟ್ ಹಾಕಿ ಕಳಿಸಿದ. ಒತ್ತುವ ಗುಂಡಿ ಹೋಗಿ ಬೆರಳಿನಿಂದ ಜಾರಿಸುವ ಗುಂಡಿ ಬಂದದ್ದನ್ನು ಗಮನಿಸಲಿಲ್ಲ. ನಾಲ್ಕನೆಯ ದಿನ ಮುಂಜಾನೆ ತಾಯಿ ತೀರಿಕೊಂಡಳು. ಇವನು ಇಪ್ಪತ್ತಾರು ಸಲ ಕರೆದ. ಮಂದೆ ಯಾವ ಊರಿನ ಹೊಲದಲ್ಲಿದೆ ಎಂಬುದು ಗೊತ್ತಿಲ್ಲದೆ ಆಳು ಕಳಿಸುವ ಹಾಗೂ ಇರಲಿಲ್ಲ. ಅಲ್ಲಿ ಬಯಲಿನಲ್ಲಿ ಅವಳು ಒತ್ತಿದಳು, ಒತ್ತಿದಳು. ಫೋನು ಬಾಯಿ ಬಿಡಲಿಲ್ಲ. ಅಂದೇ ಸಂಜೆ ಮಣ್ಣು ಮಾಡಿದರು. ಮರುದಿನ ಬೆಳಗ್ಗೆ ಅಯ್ಯಮ್ಮ ಬಂದಳು. ದಾರಿಯಲ್ಲಿ ಯಾರೋ ಸುದ್ದಿ ಹೇಳಿರಬೇಕೆಂದು ಇವನ ಊಹೆ, ಕೇಳುವ ಧೈರ್ಯ ಬರಲಿಲ್ಲ. ಅವಳು ಬೈಯಲಿಲ್ಲ. ಫೋನನ್ನು ಕಟ್ಟೆಯ ಮೇಲಿಟ್ಟು ಹೋದಳು. ಅಂದಿನಿಂದ ಅಕ್ಕತಮ್ಮ ಎದುರಾದರೆ ಕುರಿಯ ಮಾತು, ಮಳೆಯ ಮಾತು. ತಾಯಿಯ ಮಾತು ಮಾತ್ರ ಇಲ್ಲ.

"ಕೊಟ್ಟಾಂವನೂ ನಾನ, ಕೆಡಿಸಿದಾಂವನೂ ನಾನರಿ ಸರ" ಎಂದ. ಅಂದು ಪೀಠಿಕೆ ಇರಲಿಲ್ಲ.

ಆರು ತಿಂಗಳು ಅವನು ಆ ಖುಲ್ಲಾ ವ್ಯವಸ್ಥೆಯ ಒಳಹೊಕ್ಕು ಕಲಿತ. ಮೊದಲ ತೆರೆಯ ಮೇಲಿದ್ದುದನ್ನೆಲ್ಲ ಕಿತ್ತ. ಎಲ್ಲಿ ಮುಟ್ಟಿದರೂ ಕರೆ ಎತ್ತುವ ಹಾಗೆ ಮಾಡಿದ. ತಾನು ಹೇಳದೆ ಏನೂ ಬದಲಾಗದಂತೆ ಬಿಗಿಮಾಡಿದ. ಪರದೆಯ ಮೇಲಿನ ಕನ್ನಡ ಸರಿಯಿಲ್ಲವೆಂದು ನಾನು 'ಸ್ವೀಕರಿಸಿ', 'ನಿರಾಕರಿಸಿ' ಎಂದು ಬರೆದುಕೊಟ್ಟರೆ, "ಓದಾಕ ಬರಲಾರದಾಕಿಗೆ ಯಾಕ್ರಿ ಸರ ಇಷ್ಟು ಪಾಂಡಿತ್ಯ?" ಎಂದು ನಕ್ಕ. ಅಕ್ಷರದ ಬದಲು ನಾಲ್ಕು ಮನೆಯವರ ಮುಖಗಳನ್ನು ಆಧಾರ್ ಕಾರ್ಡಿನಿಂದ ತೆಗೆದು ಕೂರಿಸಿದ.

ಸುಗ್ಗಿ ಮುಗಿದ ಮೇಲೆ ಪೋತ್ನಾಳದ ಬಸ್ಸಿಗೆ ನನ್ನನ್ನೂ ಹತ್ತಿಸಿದ. ಒಬ್ಬನೇ ಹೋಗಲು ಅಂಜಿಕೆ, ಬಾಯಿಬಿಟ್ಟು ಹೇಳಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. "ಬರ್ರಿ ಮಾಸ್ತರ, ಮಜ್ಜಿಗಿ ಕುಡೀರಿ" ಎಂದು ನಗುತ್ತ ಬಂದ ಅಯ್ಯಮ್ಮನ ಮುಖ ಫೋನು ಕಂಡೊಡನೆ ಬಿಗಿಯಿತು.

"ಮತ್ತ ಯಾಕ ತಂದಿ ಆ ಸುಡುಗಾಡ?"

"ಒಮ್ಮೆ ನೋಡು ಯಕ್ಕಾ."

ನೋಡಿದಳು. "ಯಾರಲೇ ಇವರು? ಪೊಲೀಸರು ಹಿಡಕೊಂಡು ಹೋದವರಂಗ ಕಾಣತಾರ."

"ಅದು ನಿನ್ನ ಮಗಳು ನೇತ್ರಾವತಿ, ಯಕ್ಕಾ!"

"ನನ್ನ ಮಗಳು ಹಿಂಗಿಲ್ಲ ಬಿಡು" ಎಂದು ಹಿಂದಕ್ಕೆ ಚಾಚಿದವಳು, ತಮ್ಮನ ಮುಖ ನೋಡಿ ಏನೆನ್ನಿಸಿತೋ, ತುಸು ತಡೆದಳು. "ಮಾರಿ ಯಾಕ? ಮನಿಮನಿಗೂ ಕುರಿ ಗುರುತು ಇಲ್ಲೇನು? ಅದನ್ನ ಹಾಕು."

ಕುರಿಗಾರರಲ್ಲಿ ಒಂದೊಂದು ಮನೆತನದ ಕುರಿಗೂ ಕಿವಿಯಲ್ಲಿ ಒಂದೊಂದು ಗುರುತು. ಎಡಗಿವಿ ಸೀಳಿದ್ದು ಅವಳ ತವರಿನದು, ಅಂದರೆ ರೇವಣಸಿದ್ದನದು. ಬಲಗಿವಿ ಸೀಳಿದ್ದು ದಾಯಾದಿ ಸಿದ್ದರಾಮಪ್ಪನದು. ತವರಿನಿಂದ ಬಂದ ಕುರಿಯೊಂದನ್ನು ರೇವಣಸಿದ್ದ ತೊಡೆಯ ನಡುವೆ ಹಿಡಿದು, ಕೈ ಮುಂದೆ ಚಾಚಿ, ತನ್ನ ಫೋಟೋ ತಾನೇ ತೆಗೆದುಕೊಳ್ಳುವವರ ಹಾಗೆ ಕ್ಲಿಕ್ಕಿಸಿ ತೋರಿಸಿದ.

"ಇದು ನಮ್ಮದಲ್ಲ. ಸಿದ್ದರಾಮಪ್ಪಂದು."

"ಈಗರ ನಿನ್ನ ಮುಂದ ತಗದೀನಲ್ಲ ಯಕ್ಕಾ!"

ನಾನೂ ಮಧ್ಯೆ ಬಾಯಿ ಹಾಕಿ, ಯಂತ್ರಕ್ಕೆ ಸುಳ್ಳು ಬರುವುದಿಲ್ಲವಮ್ಮ ಎಂದು ಉಪದೇಶ ಮಾಡಿದೆ. ಅಯ್ಯಮ್ಮ ಕುರಿಯ ಕಿವಿ ಹಿಡಿದು, ಚಿತ್ರದ ಪಕ್ಕಕ್ಕೆ ತಂದು ತೋರಿಸಿದಳು. ಮುಂದಿನ ಕ್ಯಾಮೆರಾ ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿತ್ತು. "ಮತ್ತ ಅದ ತಪ್ಪು ಮಾಡತಿದ್ನಲ್ರಿ ಸರ. ಆಕಿನ್ನ ಬಿಟ್ಟು ಇದನ್ನ ನಂಬಿದ್ನಲ್ಲ" ಎಂದು ರೇವಣಸಿದ್ದ ಹಣೆ ಬಡಿದುಕೊಂಡ. ನನಗೂ ನಾಚಿಕೆಯಾಯಿತು. ಹಿಂದಿನ ಕ್ಯಾಮೆರಾದಿಂದ ಮತ್ತೆ ತೆಗೆದು, ಮಂದೆಯಲ್ಲಿ ಸೇರಿದ್ದ ಉಳಿದ ಮನೆಗಳ ಕುರಿಗಳನ್ನೂ ತೆಗೆದು, ಅಕ್ಕ ಹೂಂ ಅಂದ ಮೇಲೆಯೇ ಒಂದೊಂದನ್ನೂ ಕೂರಿಸಿದ.

"ದೂರ ಹೋಗು. ಮುಂದ ನಿಂತಾಂವಗ ಫೋನ್ ಯಾಕ?" ಎಂದು ಅವನನ್ನು ಅಟ್ಟಿದಳು. ಅವನು ನಾಲ್ಕು ಗದ್ದೆ ದಾಟಿ ಬದುವಿನ ಮೇಲೆ ನಿಂತ. ಅವಳು ಎಡಗಿವಿಯ ಕುರಿಯನ್ನು ಒತ್ತಿದಳು. ಅವನು ಎತ್ತಿದ್ದು ನಮಗೆ ಕಂಡಿತು. ಪಕ್ಕದಲ್ಲೇ ಇದ್ದ ನನ್ನನ್ನು ಮರೆತು ಅವಳು ಮಾತಾಡಿದಳು:

"ತಮ್ಮಾ, ಕೇಳಸಾಕತ್ತೇದೇನು? ಅವತ್ತು ಇದು ನನ್ನ ಕೈಯಾಗ ಒಂದ ಸಮ ಬಡಕೊಂತಿತ್ತು. ಎತ್ತಾಕ ಬರಲಿಲ್ಲ. ಆದ್ರ ತಮ್ಮ ಇಷ್ಟು ಸಲ ಕರಿಯಾಕತ್ತಾನಂದ್ರ ಯವ್ವಗ ಏನರ ಆಗೇದ ಅಂತ ತಿಳೀತು. ಯಾರೂ ಸುದ್ದಿ ಹೇಳಿಲ್ಲೋ ನನಗ. ಅವಾಗ ಎದ್ದು ಹೊಂಟು ಬಂದೀನಿ. ನೀ ಕರದದ್ದು ನನಗ ಮುಟ್ಟಿತ್ತೋ ಯಪ್ಪಾ."

ಬದುವಿನ ಮೇಲಿದ್ದವನು ಫೋನು ಕಿವಿಗಿಟ್ಟುಕೊಂಡೇ ಮೆಲ್ಲಗೆ ಕೂತ. ಅವಳೂ ಇಡಲಿಲ್ಲ. ಅವನು ಅಳುವುದನ್ನು ಬಹಳ ಹೊತ್ತು ಕೇಳಿಸಿಕೊಳ್ಳುತ್ತ ನಿಂತಳು.

ಉಪಕಾರ ಮಾಡಹೋಗಿ ನೋಯಿಸಿದವರು ಲೋಕದಲ್ಲಿ ಬಹಳ. ಹೆಚ್ಚಿನವರು ಯಂತ್ರವನ್ನೋ ವಿಧಿಯನ್ನೋ ದೂರಿ ಕೈತೊಳೆದುಕೊಳ್ಳುತ್ತಾರೆ. ಕೆಲವರು ಮಾತ್ರ ತಮ್ಮ ತಪ್ಪಿನ ಎದುರಿಗೇ ಕೂತು, ಅದನ್ನು ಬಿಚ್ಚಿ ಅರಿತು, ಮತ್ತೆ ತಪ್ಪಿದರೆ ಮತ್ತೆ ಬಿಚ್ಚಿ, ನೊಂದವರು ಹೂಂ ಅನ್ನುವವರೆಗೂ ಏಳುವುದಿಲ್ಲ. ಕ್ಷಮೆ ಕೇಳುವುದು ಅವರ ಬಾಯಿಗೆ ಬರುವುದಿಲ್ಲ, ಕೈಗೆ ಬರುತ್ತದೆ. ಜೀವನವಿಡೀ ಮಾತನ್ನೇ ನಂಬಿ ಬದುಕಿದ ನನಗೆ ಅಂಥವನೊಬ್ಬನ ಗೆಳೆತನ ದೊರೆಯಿತಲ್ಲ, ಆ ಭಾಗ್ಯಕ್ಕೆ ಕೈಮುಗಿಯುತ್ತೇನೆ.