ಚಿತ್ತಪ್ಪನ ಜೀಪಿನ ಕೆಂಪು ದೀಪ

ಅದೇ ಕಿರುಗುಟ್ಟುವಿಕೆ, ಬಳ್ಳಾರಿ ರಸ್ತೆಯ ಅಷ್ಟು ಲಾರಿಗಳ ನಡುವೆಯೂ ಕಿವಿಗೆ ಬಿತ್ತು, ಸಡಿಲಾದ ಬೆಲ್ಟಿನ ಅಳು, ಚಿತ್ತಪ್ಪನ ಜೀಪೇ, ಇನ್ಯಾರದ್ದೂ ಅಲ್ಲ — ವರ್ಷದ ಮೇಲಾಯಿತು ಆಸಾಮಿ ಮುಖ ತೋರಿಸಿ, ಇವತ್ತು ಬೈಯಬೇಕು, ಮೊದಲು ಚಹಾ, ಆಮೇಲೆ ಬೈಗುಳ, ಎದುರಿನ ಹೋಟೆಲಿಗೆ ಎರಡು ಬೆರಳು ತೋರಿಸಿದೆ, ಹಾಗೆ ಎರಡು ಬೆರಳು ಎತ್ತಿ ಎಷ್ಟು ಕಾಲವಾಯಿತು, ನನ್ನ ಹೆಂಡತಿ ಗುಲ್ಷನ್ ಬೀ ತೀರಿಕೊಂಡ ಮೇಲೆ ಮನೆಯಲ್ಲಿ ಮಾತು ಅಂದರೆ ಟಿವಿಯದು, ರಿಪೇರಿ ಅಂಗಡಿಯಲ್ಲಿ ಹಾರ್ನಿನದು, ಉಳಿದದ್ದು ಇವನೊಬ್ಬ, ಬಿ.ಜಿ. ಕೆರೆಯಲ್ಲಿ ಜೀಪು ತಳ್ಳಿಸಿ ಸ್ಟಾರ್ಟ್ ಮಾಡಿಕೊಂಡು ಚಳ್ಳಕೆರೆಗೆ ಬಂದು, ಲೇ ಮಸ್ತಾನ, ಮತ್ತೆ ಚಾರ್ಜ್ ಆಗ್ತಿಲ್ಲ ಕಣಲೇ, ನಿನ್ ಕೈಗುಣಾನೇ ಸರಿಯಿಲ್ಲ ಅಂತ ನನ್ನ ಬೆಂಚಿನ ಮೇಲೆ ಕೂರುವವನು — ಬಾಗಿಲು ತೆರೆದು ಇಳಿದವಳು ಅವನ ಮಗಳು ರಶ್ಮಿತಾ, ಅಪ್ಪ ಎಲ್ಲವ್ವಾ ಅಂದೆ, ಅಪ್ಪ ಇಲ್ಲ ಮಾಮ, ಯುಗಾದಿ ಹಿಂದಿನ ವಾರ, ಎದೆನೋವು ಅಂದ್ರು ಅಷ್ಟೆ, ನಿಮ್ ನಂಬರ್ ಅವರ ಫೋನ್ನಾಗೆ ಹುಡುಕಿದ್ವಿ, ಸಿಗ್ಲಿಲ್ಲ. ಹೇಗೆ ಸಿಗುತ್ತದೆ, ಒಂದು ದಿನವೂ ಫೋನಿನಲ್ಲಿ ಮಾತಾಡಿದವರಲ್ಲ ನಾವು, ಜೀಪು ಕೆಟ್ಟರೆ ಅವನು ಬರುತ್ತಿದ್ದ, ಅಷ್ಟೇ. ಎರಡು ಚಹಾ ಬಂತು.

ಕೆಲಸ ಮಾಡು ಮಸ್ತಾನ — ಬೆಲ್ಟ್ ಬಿಗಿ ಮಾಡಿದೆ, ಅಳು ನಿಂತಿತು, ಮೀಟರಿನ ಮುಳ್ಳು ಅಲ್ಲಾಡಲಿಲ್ಲ, ಬ್ಯಾಟರಿ ಟರ್ಮಿನಲ್ಲಿನ ಬಿಳಿ ಹಿಟ್ಟು ಕೆರೆದು ಬಿಸಿನೀರು ಸುರಿದೆ, ಅದೂ ಅಲ್ಲ, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಬೆನ್ನಿಗೆ ಸ್ಕ್ರೂಡ್ರೈವರಿನ ತುದಿ ಹಿಡಿದರೆ ಅಯಸ್ಕಾಂತ ಸೆಳೆದಂತೆ ಸೆಳೆಯಬೇಕು, ಸೆಳೆಯಲಿಲ್ಲ, ಒಳಗೆ ಎಚ್ಚರವೇ ಇಲ್ಲ, ಹಾಗಾದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ, ಯಾವಾಗಲೂ ಅದೇ ತಾನೇ ಇದರ ರೋಗ, ಕೀ ತಿರುಗಿಸಿದಾಗ ಆ ಕಡಲೆಕಾಳಿನಷ್ಟು ಬಲ್ಬು ಹತ್ತಬೇಕು, ಅದರ ಮೂಲಕ ಹೋಗುವ ಚೂರು ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸಬೇಕು, ಎದ್ದ ಮೇಲೆ ದೀಪ ತಾನಾಗಿ ಆರುತ್ತದೆ, ಬಲ್ಬೇ ಇಲ್ಲವಾದರೆ ಇಡೀ ಜೀಪಿಗೆ ನಿದ್ದೆ — ಈ ಗುಟ್ಟನ್ನು ಚಿತ್ತಪ್ಪನಿಗೆ ಹೇಳಿಕೊಟ್ಟವನು ನಾನೇ, ಅಲ್ಲಿಂದ ಶುರು, ಎರಡು ಮೂರು ತಿಂಗಳಿಗೊಮ್ಮೆ ಬಲ್ಬು ಉದುರಿಸಿಕೊಂಡು ಬರುವುದು, ನಾನು ರಸ್ತೆ ಮಾಡಿದವರನ್ನು ಬೈದು ಹೊಸದು ಹಾಕುವುದು, ಅವನು ಬಿಸಿಲಿಳಿಯುವ ತನಕ ಬೆಂಚು ಬಿಟ್ಟು ಏಳದಿರುವುದು, ಸುಮ್ಮನೆ ಒಂದು ದಿನ ಬಾರೋ ಅಂದರೆ, ಕೆಲ್ಸ ಇಲ್ದೆ ಇನ್ನೊಬ್ರ ಅಂಗಡಿ ಮುಂದೆ ಕೂತ್ರೆ ಜನ ಏನಂತಾರಲೇ, ಬಿಗುಮಾನದ ಮನುಷ್ಯ — ಕೊನೆಗೆ ನನಗೇ ನಾಚಿಕೆಯಾಗಿ ಹೋಲ್ಡರಿನ ಪಕ್ಕ ಒಂದು ರೆಸಿಸ್ಟರ್ ಬೆಸುಗೆ ಹಾಕಿದೆ, ಬಲ್ಬು ಬಿದ್ದುಹೋದರೂ ಕರೆಂಟು ಆ ಅಡ್ಡದಾರಿ ಹಿಡಿಯಲಿ ಅಂತ, ಇನ್ನು ಈ ಕಾಯಿಲೆಗೆ ನೀನು ಬರಂಗಿಲ್ಲ ನೋಡು ಅಂತ ಎದೆ ತಟ್ಟಿಕೊಂಡೆ, ಅವನು ಬೆಂಚಿನ ಅಂಚು ಸವರುತ್ತಾ, ಹಂಗಾದ್ರೆ ಒಳ್ಳೇದೇ ಆಯ್ತು ಬಿಡು ಅಂದ. ಆಮೇಲೆ ಬರಲೇ ಇಲ್ಲ.

ಈಗ ತಲೆ ತೂರಿಸಿ ನೋಡಿದರೆ ನನ್ನ ಬೆಸುಗೆ ಗಟ್ಟಿಯಾಗಿಯೇ ಇದೆ, ಹೋಲ್ಡರ್ ಖಾಲಿ — ಅಪ್ಪ ಅಲ್ಲೇ ಕೈ ಹಾಕಿ ಏನೋ ಕೀಳ್ತಿದ್ರು ಮಾಮ, ಇದ್ಯಾಕೋ ಕೆಡ್ತಾನೇ ಇಲ್ಲ ಅಂತ ಗೊಣಗ್ತಿದ್ರು, ಇವು ನಿಮ್ಮವಾ, ಸೀಟಿನ ಕೆಳಗಿದ್ವು, ರಶ್ಮಿತಾ ಅವನ ಎಲೆಅಡಿಕೆ ಡಬ್ಬಿ ಚಾಚಿದಳು, ಅದರ ತುಂಬ ಬಲ್ಬುಗಳು, ನಾನು ಹಾಕಿದ ಬಲ್ಬುಗಳು, ಒಂದನ್ನು ಬ್ಯಾಟರಿಗೆ ಮುಟ್ಟಿಸಿದೆ, ಹತ್ತಿತು, ಇನ್ನೊಂದು, ಹತ್ತಿತು, ಇದೂ ಹತ್ತಿತು, ಕಳ್ಳ, ಕೆಟ್ಟದ್ದು ಒಂದೂ ಇಲ್ಲ, ರಸ್ತೆ ಮಾಡಿದವರದ್ದು ಏನೂ ತಪ್ಪಿಲ್ಲ, ನನ್ನ ಹತ್ತಿರ ಕೂರುವುದಕ್ಕೆ ಜೀಪು ಕೆಡಿಸಿಕೊಂಡು ಬರುತ್ತಿದ್ದವನ ದಾರಿಗೆ ನಾನೇ ಬೆಸುಗೆ ಹಾಕಿ ಮುಚ್ಚಿದೆ, ಮುಚ್ಚಿ, ಯಾಕೆ ಬರಲಿಲ್ಲ ಅಂತ ಒಂದೇ ಬಸ್ಸಿನ ದಾರಿಯಲ್ಲಿದ್ದವನನ್ನು ನೋಡಲು ಹೋಗದೆ ಇಲ್ಲೇ ಕಾಯುತ್ತಾ ಕೂತೆ, ನನಗೂ ಏನು ಕಡಿಮೆ ಬಿಗುಮಾನವೇ — ಆಲ್ಟರ್ನೇಟರ್ ಬಿಚ್ಚಿದೆ, ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಸವೆದು ಉಗುರಿನಷ್ಟಾಗಿದೆ, ರೋಗ ಅದೇ, ನಿಜವಾದ ರೋಗ, ಚಿತ್ತಪ್ಪಾ, ನಿನ್ನ ಜೀಪು ನಿಜವಾಗಿ ಕೆಟ್ಟಿದೆ ಕಣೋ, ಬಾರೋ ಈಗ, ಹೊಸ ಕಾರ್ಬನ್ ಕೂರಿಸಿದೆ, ಡಬ್ಬಿಯಿಂದ ಒಂದು ಬಲ್ಬು ತೆಗೆದು ಹೋಲ್ಡರಿಗೆ ಹಾಕಿದೆ, ಕೀ ತಿರುಗ್ಸವ್ವಾ ಅಂದೆ, ಬೆಂಚಿನ ಮೇಲೆ ಎರಡನೇ ಚಹಾ ಕೆನೆಗಟ್ಟಿದೆ, ದೀಪ ಕೆಂಪಗೆ ಹತ್ತಿತು, ಸ್ಟಾರ್ಟ್ ಮಾಡ್ಲಾ ಮಾಮ, ತಡಿಯವ್ವಾ, ಸ್ಟಾರ್ಟ್ ಆದರೆ ಆರುತ್ತದೆ, ಆರಿದರೆ ಜೀಪು ಹೊರಡುತ್ತದೆ, ಒಂದ್ನಿಮಿಷ ತಡಿ, ಹತ್ತಿದೆ, ಇನ್ನೂ ಹತ್ತಿದೆ, ಕೆಂಪಗೆ